ಕ್ಷೌರದ ಕತ್ತಿ ಹೊಸದಾಗಿ ಹಿಡಿಯುವವರು ಮೊದಲು ಏನು ಕಲಿಯಬೇಕು? ಶೇವಿಂಗೋ, ಸ್ಟ್ರಾಪೋ?

ಹೊಸಗಡ್ಡ:
ಎಲ್ಲರಿಗೂ ನಮಸ್ಕಾರ. ಕಾರ್ಟ್ರಿಡ್ಜ್ ರೇಜರ್ ಬಿಟ್ಟು ಸೇಫ್ಟಿ ರೇಜರ್‌ಗೆ ಬಂದು ಬಹಳ ದಿನವಾಯಿತು. ಈಗ ಮಡಚುವ ಕ್ಷೌರದ ಕತ್ತಿ, ಅಂದರೆ ಸ್ಟ್ರೇಟ್ ರೇಜರ್, ಕಲಿಯುವ ಆಸೆ ಹುಟ್ಟಿದೆ. ಹುಡುಕಿ ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಬ್ಬರು 5/8 ತೆಗೆದುಕೊಳ್ಳಿ ಎಂದರೆ, ಇನ್ನೊಬ್ಬರು 6/8 ಬಿಟ್ಟು ಬೇರೆ ನೋಡಲೇಬೇಡಿ ಎನ್ನುತ್ತಾರೆ. ಸಾಣೆ ಕಲ್ಲುಗಳ ಹೆಸರು ಕೇಳಿಯೇ ತಲೆ ತಿರುಗುತ್ತಿದೆ.

ಮೊದಲ ಕತ್ತಿ ಎಂಥದ್ದಿರಬೇಕು? ಕಲ್ಲು ಈಗಲೇ ಬೇಕಾ? ಬ್ಲೇಡ್ ಬದಲಿಸುವ ಶಾವೆಟ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಅಸಲಿ ಕತ್ತಿಗೆ ಬರುವುದು ಒಳ್ಳೆಯದಲ್ವಾ?

ಸಾಣೆಪ್ಪ:
ಕಲ್ಲು ಈಗ ಬೇಡವೇ ಬೇಡ. ಸಾಣೆ ಹಿಡಿದು ಮುಗಿಸಿದ ಒಂದು ಕತ್ತಿ, ಒಂದು ಸ್ಟ್ರಾಪ್, ಅಂದರೆ ಕತ್ತಿಯ ಬಾಯಿ ಉಜ್ಜುವ ಚರ್ಮದ ಪಟ್ಟಿ. ಬ್ರಷ್ಷು ಸೋಪು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅಷ್ಟು ಸಾಕು.

5/8 ಅಂದರೆ ಕತ್ತಿಯ ಬೆನ್ನಿನಿಂದ ಬಾಯಿಯವರೆಗಿನ ಅಗಲ. ಇಂಚಿನ ಎಂಟು ಭಾಗದಲ್ಲಿ ಐದು, ಸುಮಾರು 16 ಮಿ.ಮೀ. 6/8 ಅಂದರೆ ಸುಮಾರು 19 ಮಿ.ಮೀ. ಎರಡರಲ್ಲಿ ಯಾವುದಾದರೂ ಸರಿ. ಸಣ್ಣದು ಮೂಗಿನ ಕೆಳಗೆ ಸಲೀಸಾಗಿ ಹೋಗುತ್ತದೆ. ದೊಡ್ಡದು ಜಾಸ್ತಿ ನೊರೆ ಹೊರುತ್ತದೆ, ಕೈಗೆ ಸ್ವಲ್ಪ ತೂಕ ಸಿಗುತ್ತದೆ. ಇದಕ್ಕೆ ಜನ ಪುಟಗಟ್ಟಲೆ ಜಗಳವಾಡುವುದು ಯಾಕೋ ನನಗಂತೂ ಗೊತ್ತಿಲ್ಲ.

ಅದಕ್ಕಿಂತ ತುದಿಯ ಆಕಾರ ನೋಡಿ. ದುಂಡು ತುದಿ ತೆಗೆದುಕೊಳ್ಳಿ. ಚೌಕ ತುದಿ ಮೀಸೆಯ ಅಂಚು ತೀಡಲು ಚೆನ್ನ. ಆದರೆ ಕಿವಿಯ ಹತ್ತಿರ ಹೋದಾಗ ಆ ಚೂಪು ಮೂಲೆ ಎಲ್ಲಿದೆ ಎಂದು ಹೊಸಬರ ಕೈಗೆ ಗೊತ್ತಾಗುವುದಿಲ್ಲ. ಇನ್ನು ಅಲಗಿನ ಪಕ್ಕಗಳನ್ನು ಎಷ್ಟು ಒಳಗೆ ಕೊರೆದಿದ್ದಾರೆ ಎಂಬುದು. ಫುಲ್ ಹಾಲೋ ತುಂಬಾ ತೆಳು, ಗಡ್ಡ ಕತ್ತರಿಸುವಾಗ ಕರಕರ ಸದ್ದು ಮಾಡುತ್ತದೆ. ಕೋನ ತಪ್ಪಿದರೆ ಆ ಸದ್ದೂ ಬದಲಾಗುತ್ತದೆ, ಕಲಿಯುವವರಿಗೆ ಅದು ಉಪಯೋಗವೇ. ವೆಡ್ಜ್ ದಪ್ಪ, ಭಾರ, ಸದ್ದು ಕಡಿಮೆ. ಹಾಫ್ ಹಾಲೋ ಅಥವಾ ಫುಲ್ ಹಾಲೋದಿಂದ ಶುರು ಮಾಡಿ.

ಈಗ ಮುಖ್ಯ ವಿಷಯ. ಕಾರ್ಖಾನೆಯಿಂದ ಬಂದ ಹೊಸ ಕತ್ತಿ ಕಾಗದ ಕತ್ತರಿಸಬಹುದು. ಅಷ್ಟಕ್ಕೇ ಅದು ಮುಖಕ್ಕೆ ತಯಾರಾಗಿದೆ ಎಂದಲ್ಲ. ಕ್ಷೌರದ ಸಾಣೆ ಬಲ್ಲವರು ಕಲ್ಲಿನ ಮೇಲೆ ಮುಗಿಸಿ, ತಾವೇ ಪರೀಕ್ಷೆ ಮಾಡಿ ಕೊಟ್ಟ ಕತ್ತಿಯನ್ನೇ ತೆಗೆದುಕೊಳ್ಳಿ. ಕಾರಣ ಇಷ್ಟೇ: ಸರಿಯಾದ ಹರಿತ ಅಂದರೆ ಹೇಗಿರುತ್ತದೆ ಎಂದು ನಿಮಗೆ ಇನ್ನೂ ಗೊತ್ತಿಲ್ಲ. ಕೂದಲು ಎಳೆದಂತಾದರೆ ದೋಷ ಕೈಯದೋ ಕತ್ತಿಯ ಬಾಯಿಯದೋ ಎಂದು ತಿಳಿಯುವುದು ಹೇಗೆ? ಕತ್ತಿ ಬಿಟ್ಟು ಸೇಫ್ಟಿ ರೇಜರ್‌ಗೆ ವಾಪಸ್ ಹೋದವರಲ್ಲಿ ಬಹಳ ಜನ ಮೊಂಡು ಕತ್ತಿಯ ಜೊತೆ ಗುದ್ದಾಡಿ, ಇದು ತಮ್ಮ ಕೈಲಾಗದ ಕೆಲಸ ಎಂದುಕೊಂಡವರು.

ನೊರೆಗಾರ:
ಸಾಣೆಪ್ಪನವರ ಮಾತು ಒಪ್ಪಿದೆ. ಆದರೆ ಶಾವೆಟ್ ವಿಷಯ ಅವರು ಹೇಳಲೇ ಇಲ್ಲ. ನಾನಂತೂ ಶಾವೆಟ್ ಪರ. ಹೊಸ ಬ್ಲೇಡ್ ಹಾಕಿದರೆ ಹರಿತದ ಬಗ್ಗೆ ಅನುಮಾನವೇ ಇಲ್ಲ. ಸ್ಟ್ರಾಪ್ ಬೇಡ, ಕಲ್ಲು ಬೇಡ. ಕೋನ, ಚರ್ಮ ಎಳೆದು ಹಿಡಿಯುವುದು, ಎಡಗೈ ಬಳಕೆ, ಇಷ್ಟನ್ನೂ ಅದರಲ್ಲೇ ಕಲಿಯಬಹುದು.

ಸಾಣೆಪ್ಪ:
ಕಲಿಯಬಹುದು, ಆದರೆ ನೋವಿನಲ್ಲಿ. ಶಾವೆಟ್ ಹಗುರ, ಬ್ಲೇಡಿನ ಮೂಲೆಗಳು ಚೂಪು, ಕೋನ ಚೂರು ತಪ್ಪಿದರೂ ಕ್ಷಮಿಸುವುದಿಲ್ಲ. ಕಲ್ಲಿನ ಮೇಲೆ ಮುಗಿಸಿ ಸ್ಟ್ರಾಪಿನ ಚರ್ಮಕ್ಕೆ ಉಜ್ಜಿದ ಬಾಯಿ ಹರಿತವಾಗಿದ್ದೂ ಮೃದು. ಶಾವೆಟ್‌ನಲ್ಲಿ ಕುಯ್ದುಕೊಂಡು, ಕತ್ತಿ ಅಂದರೆ ಹೀಗೇ ಇರುತ್ತದೆ ಎಂದು ಹೆದರಿ ಬಿಟ್ಟವರೂ ಇದ್ದಾರೆ. ಕ್ಷೌರದಂಗಡಿಯಲ್ಲಿ ಅದನ್ನು ಬಳಸುವುದಕ್ಕೆ ಕಾರಣ ಬೇರೆ. ಒಬ್ಬರಿಗೆ ಒಂದು ಬ್ಲೇಡ್, ಆಮೇಲೆ ಎಸೆಯುವುದು. ರಕ್ತದಿಂದ ಹರಡುವ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಭಯ ಅಲ್ಲಿ ಇದ್ದೇ ಇದೆ. ಅದೇ ಕಾರಣಕ್ಕೆ ನಿಮ್ಮ ಕತ್ತಿಯನ್ನು ಮನೆಯಲ್ಲಿ ಬೇರೆ ಯಾರಿಗೂ ಕೊಡಬೇಡಿ, ಅಣ್ಣತಮ್ಮಂದಿರಾದರೂ ಸರಿ.

ನೊರೆಗಾರ:
ಸರಿ, ಶಾವೆಟ್ ವಿಷಯದಲ್ಲಿ ನಾವಿಬ್ಬರೂ ಒಪ್ಪುವ ಹಾಗಿಲ್ಲ ಬಿಡಿ.

ತುಕ್ಕುತಾಯಿ:
ಹಳೆ ಕತ್ತಿ ಸರಿಪಡಿಸುವ ಹುಚ್ಚು ನನಗೆ, ಅದಕ್ಕೇ ಈ ಹೆಸರು. ಹಳೆಯದು ಕೊಳ್ಳುವ ಯೋಚನೆ ಇದ್ದರೆ ಒಂದೆರಡು ಮಾತು.

ಬಾಯಿಯ ಅಂಚನ್ನೇ ಮೊದಲು ನೋಡಿ. ಬೆನ್ನಿನ ಹತ್ತಿರದ ಕಲೆ, ಮಸಿ ಇದ್ದರೆ ಇರಲಿ. ಆದರೆ ಅಂಚಿಗೆ ತಾಗಿದಂತೆ ತುಕ್ಕಿನ ಗುಳಿ ಇದ್ದರೆ ಬಿಟ್ಟುಬಿಡಿ, ಎಷ್ಟು ಮಸೆದರೂ ಒಳಗಿನಿಂದ ಮತ್ತೊಂದು ಗುಳಿ ಬರುತ್ತದೆ. ತೆಳು ಅಲಗಿನಲ್ಲಿ ಕೂದಲೆಳೆಯ ಬಿರುಕು ಇದ್ದರೆ ಮುಟ್ಟಲೇಬೇಡಿ. ಬಾಯಿಯ ಗೆರೆ ನಡುವೆ ಒಳಗೆ ಬಾಗಿದ್ದರೆ, ಅಂದರೆ ಸೊಟ್ಟ ಮೋರೆ ಹಾಕಿದಂತಿದ್ದರೆ, ಹೊಸಬರಿಗೆ ಬೇಡ. ಹೊರಗೆ ಉಬ್ಬಿದ್ದರೆ ತೊಂದರೆಯಿಲ್ಲ, ಅದನ್ನು ಬೇಕೆಂದೇ ಹಾಗೆ ಮಾಡುತ್ತಾರೆ.

ಹಿಡಿಯ ವಸ್ತುವನ್ನೂ ನೋಡಿ. ಹಳೆಯ ಸೆಲ್ಯುಲಾಯ್ಡ್ ಹಿಡಿಗಳು ವಯಸ್ಸಾದಂತೆ ಕೊಳೆಯುತ್ತವೆ. ಆಗ ಹೊರಬರುವ ಆಮ್ಲದ ಹಬೆಯಿಂದ ಮಡಚಿಟ್ಟ ಅಲಗೇ ತುಕ್ಕು ಹಿಡಿಯುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ. ದಂತದ ಹಿಡಿಯಾದರೆ ಕಾನೂನಿನ ತೊಡಕು ಬೇರೆ.

ಬುಡದ ಮೇಲಿನ ಮುದ್ರೆ ಓದಿ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಫ್ರಾನ್ಸಿನ ಥಿಯೆರ್, ಇವು ಈ ಕಸುಬಿನ ಹಳೆ ಊರುಗಳು. ಸೋಲಿಂಗನ್ ಹೆಸರಿಗೆ ಜರ್ಮನಿಯಲ್ಲಿ 1938ರಿಂದಲೇ ಕಾನೂನಿನ ರಕ್ಷಣೆ ಇದೆ. ಮುದ್ರೆ ಇದ್ದ ಮಾತ್ರಕ್ಕೆ ಕತ್ತಿ ಸರಿಯಿದೆ ಎಂದಲ್ಲ. ಆದರೆ ಉಕ್ಕು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಲಂಕಾರಕ್ಕೆ ಮಾಡಿದ, ಕತ್ತಿಯ ಆಕಾರ ಮಾತ್ರ ಇರುವ ಹೊಸ ಸಾಮಾನುಗಳಿಗಿಂತ ಒಳ್ಳೆಯ ಹಳೆಯದು ಎಷ್ಟೋ ಮೇಲು. ಆ ಅಲಂಕಾರದ ಕತ್ತಿಗಳ ಉಕ್ಕು ಮೆತ್ತಗೆ, ಬಾಯಿ ನಿಲ್ಲುವುದೇ ಇಲ್ಲ.

ಹೊಸಗಡ್ಡ:
ಎಲ್ಲರಿಗೂ ಥ್ಯಾಂಕ್ಸ್. 5/8, ಫುಲ್ ಹಾಲೋ, ದುಂಡು ತುದಿ. ಸಾಣೆ ಹಿಡಿದು ಕೊಟ್ಟದ್ದೇ. ಜೊತೆಗೆ ನೇತುಹಾಕುವ ಸ್ಟ್ರಾಪ್, ಒಂದು ಕಡೆ ಕ್ಯಾನ್ವಾಸ್, ಒಂದು ಕಡೆ ಚರ್ಮ. ಇನ್ನೂ ಮುಖಕ್ಕೆ ಮುಟ್ಟಿಸಿಲ್ಲ. ಸ್ಟ್ರಾಪ್ ಮೇಲೆ ಹೇಗೆ ಉಜ್ಜಬೇಕು, ಸ್ವಲ್ಪ ಬಿಡಿಸಿ ಹೇಳ್ತೀರಾ? ವಿಡಿಯೊಗಳಲ್ಲಿ ಎಲ್ಲರೂ ಪಟಪಟನೆ ಬೀಸುತ್ತಾರೆ, ಕಣ್ಣಿಗೆ ಏನೂ ಕಾಣುವುದಿಲ್ಲ.

ಚರ್ಮಮೇಷ್ಟ್ರು:
ಇದಕ್ಕೇ ಕಾಯುತ್ತಿದ್ದೆ. ಎಲ್ಲರೂ ಮುಖದ ಬಗ್ಗೆ ಚಿಂತೆ ಮಾಡುತ್ತಾರೆ, ಸ್ಟ್ರಾಪ್ ಬಗ್ಗೆ ಯಾರೂ ಕೇಳುವುದಿಲ್ಲ. ಕತ್ತಿ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಕೈಯಲ್ಲಿ ಕತ್ತಿಯೇ ಬೇಡ. ಮೊಂಡು ಬಾಯಿಯ ಬೆಣ್ಣೆ ಚಾಕು ಹಿಡಿದು ಚಲನೆ ಕಲಿಯಿರಿ. ಬೇಸರ ಬರುವಷ್ಟು ಮಾಡಿ.

ಸ್ಟ್ರಾಪನ್ನು ಹೊಟ್ಟೆಯ ಎತ್ತರಕ್ಕೆ ಕೊಕ್ಕೆಗೆ ಹಾಕಿ. ಇನ್ನೊಂದು ತುದಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಜೋತು ಬಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಅಂಚನ್ನು ದುಂಡು ಮಾಡುತ್ತದೆ. ಕತ್ತಿಯನ್ನು ಹಿಡಿಯಿಂದ ಹಿಡಿಯಬೇಡಿ. ಅಲಗಿನ ಬುಡದ ಕಬ್ಬಿಣವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಿರಿ, ಬೆರಳಲ್ಲೇ ಉರುಳಿಸಲು ಬರಬೇಕು.

ಅಲಗನ್ನು ಚಪ್ಪಟೆ ಮಲಗಿಸಿ. ಬೆನ್ನು, ಬಾಯಿ ಎರಡೂ ಚರ್ಮಕ್ಕೆ ತಾಗಿರಬೇಕು. ಬೆನ್ನು ಮುಂದೆ, ಬಾಯಿ ಹಿಂದೆ, ಹೀಗೆ ಎಳೆಯಿರಿ. ಕೊನೆಗೆ ಬಂದಾಗ ನಿಲ್ಲಿಸಿ. ಪೂರ್ತಿ ನಿಲ್ಲಿಸಿ. ಬೆನ್ನು ಚರ್ಮದ ಮೇಲೇ ಇರಲಿ, ಬಾಯಿಯನ್ನು ಮೇಲಕ್ಕೆತ್ತಿ ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಆ ಕಡೆಗೆ ಮಗುಚಿ. ಆಮೇಲೆ ಬೆನ್ನು ಮುಂದಾಗಿ ವಾಪಸ್. ಹೋಗಿ ಬಂದರೆ ಒಂದು ಲೆಕ್ಕ. ಸ್ಟ್ರಾಪ್ ಕುಯ್ಯುವುದು ಸಾಮಾನ್ಯವಾಗಿ ನಿಲ್ಲಿಸುವ ಮೊದಲೇ ಮಗುಚಲು ಹೋದಾಗ. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ: ಎಳೆಯುತ್ತಾ ಬೆನ್ನು ಕೂದಲೆಳೆಯಷ್ಟು ಮೇಲೇಳುವುದು. ಸ್ಟ್ರಾಪ್‌ಗೆ ಏನೂ ಆಗುವುದಿಲ್ಲ. ಕತ್ತಿ ಮಾತ್ರ ದಿನದಿಂದ ದಿನಕ್ಕೆ ಮೊಂಡಾಗುತ್ತದೆ.

ಒತ್ತಡ ಎಷ್ಟು? ಕತ್ತಿಯ ತೂಕ, ಅದರ ಮೇಲೆ ಅಲಗು ಹಾರದಂತೆ ಹಿಡಿಯುವಷ್ಟು. ವೇಗ ಬೇಡ, ತಾನಾಗಿ ಬರುತ್ತದೆ, ಬರದಿದ್ದರೂ ನಷ್ಟವಿಲ್ಲ. ಸ್ಟ್ರಾಪ್ 3 ಇಂಚು ಅಗಲ ಇದ್ದರೆ ನೇರ ಎಳೆಯಬಹುದು. ಕಡಿಮೆ ಇದ್ದರೆ ಬುಡದಿಂದ ತುದಿಯವರೆಗೆ ಇಡೀ ಬಾಯಿ ಚರ್ಮಕ್ಕೆ ತಾಗುವಂತೆ ಓರೆಯಾಗಿ ಜಾರಿಸುತ್ತಾ ಎಳೆಯಬೇಕು. ಶೇವ್‌ಗೆ ಮೊದಲು ಕ್ಯಾನ್ವಾಸ್ ಮೇಲೆ 20ರಿಂದ 30, ಚರ್ಮದ ಮೇಲೆ 50ರ ಆಸುಪಾಸು. ನಲವತ್ತಾದರೂ ಆಕಾಶ ಬೀಳುವುದಿಲ್ಲ.

ಚರ್ಮಕ್ಕೆ ಎಣ್ಣೆ ಸುರಿಯಬೇಡಿ. ಅಂಗೈಯಿಂದ ಆಗಾಗ ತಿಕ್ಕಿ, ಕೈಯ ಜಿಡ್ಡೇ ಸಾಕು. ಅಂಚು ಮಸೆಯುವ ಹಸಿರು ಪೇಸ್ಟನ್ನೂ (ಕ್ರೋಮಿಯಂ ಆಕ್ಸೈಡ್) ಈ ಚರ್ಮಕ್ಕೆ ಹಚ್ಚಬೇಡಿ. ಅದಕ್ಕೆ ಬೇರೆ ಹಲಗೆ ಇಟ್ಟುಕೊಳ್ಳಬೇಕು. ಅಂಚಿನಲ್ಲಿ ಸಣ್ಣ ಗಾಯವಾದರೆ ನುಣ್ಣನೆ ಮರಳು ಕಾಗದದಿಂದ ತೀಡಿ ಸಮ ಮಾಡಿದರೆ ಆಯಿತು. ಅದಕ್ಕೇ ಮೊದಲ ಸ್ಟ್ರಾಪ್ ದುಬಾರಿಯದ್ದು ಬೇಡ ಎನ್ನುವುದು.

ಯಾಕೆಯಾಕೆ:
ಮಧ್ಯದಲ್ಲಿ ಬಂದು ಒಂದು ಪ್ರಶ್ನೆ. ಕೂದಲು ಮೆತ್ತಗೆ, ಉಕ್ಕು ಗಟ್ಟಿ. ಹಾಗಿದ್ದರೆ ಕತ್ತಿ ಮೊಂಡಾಗುವುದಾದರೂ ಯಾಕೆ? ಚರ್ಮಕ್ಕೆ ಉಜ್ಜಿದರೆ ಉಕ್ಕಿಗೆ ಏನಾಗಲು ಸಾಧ್ಯ?

ತುಕ್ಕುತಾಯಿ:
ಒಳ್ಳೆಯ ಪ್ರಶ್ನೆ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇದನ್ನೇ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಕೆಳಗೆ ನೋಡಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅವರು ಬಳಸಿದ್ದು ಬಿಸಾಡುವ ರೇಜರ್‌ನ ಬ್ಲೇಡು. ಕೂದಲು ಆ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಅಂಚಿನಲ್ಲಿ ಸಣ್ಣ ಸಣ್ಣ ಚೂರುಗಳು ಹಾರುತ್ತವೆ. ಕೂದಲು ಬ್ಲೇಡಿಗೆ ನೆಟ್ಟಗೆ ನಿಂತು ಕತ್ತರಿಸಿಕೊಂಡರೆ ಚೂರು ಹಾರುವುದಿಲ್ಲ. ಓರೆಯಾಗಿ ಬಾಗಿದಾಗ, ಅದೂ ಉಕ್ಕಿನೊಳಗಿನ ರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ ತಾಗಿದಾಗ, ಒತ್ತಡವೆಲ್ಲ ಅಲ್ಲೇ ಸೇರಿ ಚಿಪ್ಪೇಳುತ್ತದೆ.

ನಮ್ಮ ಕತ್ತಿಗೂ ಇದೇ ಲೆಕ್ಕ ಪೂರ್ತಿ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ, ಉಕ್ಕು ಬೇರೆ. ಆದರೆ ನೊರೆ ಚೆನ್ನಾಗಿ ನೆನೆಸಬೇಕು, ಕೋನ ಒಂದೇ ಸಮ ಇರಬೇಕು ಎನ್ನುವುದು ಮುಖಕ್ಕಷ್ಟೇ ಅಲ್ಲ, ಕತ್ತಿಗೂ ಒಳ್ಳೆಯದು ಎಂದು ಅದನ್ನು ಓದಿದ ಮೇಲೆ ಅನಿಸಿತು.

ಇನ್ನು ಸ್ಟ್ರಾಪ್. ಒಳ್ಳೆಯ ಬಾಯಿಯ ಅಂಚು ಮಿಲಿಮೀಟರಿನ ಸಾವಿರದ ಒಂದು ಭಾಗ, ಅಂದರೆ ಒಂದು ಮೈಕ್ರಾನ್‌ಗಿಂತಲೂ ತೆಳು. ಅಷ್ಟು ತೆಳುವಾದದ್ದು ಸುಲಭವಾಗಿ ಬಾಗುತ್ತದೆ, ಅದಕ್ಕೆ ಜಿಡ್ಡು, ಸೋಪಿನ ಕಣ, ಕಣ್ಣಿಗೆ ಕಾಣದ ತುಕ್ಕು ಅಂಟುತ್ತದೆ. ಕ್ಯಾನ್ವಾಸ್ ಅದನ್ನು ಒರೆಸುತ್ತದೆ, ಚರ್ಮ ಅಂಚನ್ನು ನೇರ ಮಾಡಿ ನಯಗೊಳಿಸುತ್ತದೆ. ಉಕ್ಕನ್ನು ಸವೆಸುವುದು ತೀರಾ ಕಡಿಮೆ. ಆದ್ದರಿಂದ ಚಿಪ್ಪೆದ್ದ, ದುಂಡಾದ ಬಾಯನ್ನು ಚರ್ಮದಿಂದ ಸರಿಪಡಿಸಲು ಆಗುವುದಿಲ್ಲ. ಅದು ಕಲ್ಲಿನ ಕೆಲಸ.

ಹೊಸಗಡ್ಡ:
ಓದುತ್ತಾ ಕುಳಿತರೆ ಗಡ್ಡವೇ ಬೆಳೆಯುತ್ತದೆ. ಮುಖಕ್ಕೆ ಹೇಗೆ ಶುರು ಮಾಡುವುದು?

ನೊರೆಗಾರ:
ಮೊದಲ ಸಲ ಕೆನ್ನೆ ಮಾತ್ರ. ಉಳಿದದ್ದನ್ನು ನಿಮ್ಮ ಹಳೆ ರೇಜರ್‌ನಲ್ಲಿ ಮುಗಿಸಿ. ಕೆನ್ನೆ ಧೈರ್ಯ ಕೊಟ್ಟ ಮೇಲೆ ಕತ್ತು, ಕೊನೆಗೆ ಗಲ್ಲ (ಗದ್ದ) ಮತ್ತು ಮೇಲ್ತುಟಿ. ಅವಸರ ಮಾಡಿದರೆ ಗಲ್ಲವೇ ಪಾಠ ಕಲಿಸುತ್ತದೆ.

ಸ್ನಾನ ಮಾಡಿ ಬಂದು ಶುರು ಮಾಡಿ. ನೊರೆ ಗಟ್ಟಿ ಬೇಡ, ನೀರಿನಂಶ ಜಾಸ್ತಿ ಇರಲಿ. ಬೆರಳು ಮಾತ್ರ ಒಣಗಿರಬೇಕು, ಒಂದು ಟವೆಲ್ ಹೆಗಲ ಮೇಲೆ ಇರಲಿ. ಕತ್ತಿಯನ್ನು ಮುಖಕ್ಕೆ ಚಪ್ಪಟೆ ಇಟ್ಟು, ಬೆನ್ನನ್ನು ಅದರ ದಪ್ಪದ ಒಂದೂವರೆಯಿಂದ ಎರಡರಷ್ಟು ಮೇಲೆತ್ತಿ. ಸುಮಾರು 30 ಡಿಗ್ರಿ ಬರುತ್ತದೆ. ಅದಕ್ಕಿಂತ ಎತ್ತಿದರೆ ಕೆರೆಯುತ್ತದೆ, ಕುಯ್ಯುತ್ತದೆ. ತೀರಾ ಮಲಗಿಸಿದರೆ ಕೂದಲು ಎಳೆಯುತ್ತದೆ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಕೂದಲು ಬೆಳೆದ ದಿಕ್ಕಿನಲ್ಲೇ, ಚಿಕ್ಕ ಚಿಕ್ಕ ಎಳೆತ. ಒತ್ತಬೇಡಿ. ಅಲಗಿನ ಉದ್ದಕ್ಕೆ ಪಕ್ಕಕ್ಕೆ ಜಾರಿಸಬೇಡಿ, ಗಾಯ ಆಳವಾಗುವುದು ಅದರಿಂದಲೇ.

ಬಲಗೆನ್ನೆಗೆ ಬಲಗೈ, ಎಡಗೆನ್ನೆಗೆ ಎಡಗೈ ಎಂದು ಈಗಲೇ ಅಭ್ಯಾಸ ಮಾಡಿಕೊಳ್ಳಿ. ಎಡಗೈ ಮೊದಲು ಪೆದ್ದುಪೆದ್ದಾಗಿ ಆಡುತ್ತದೆ, ಆದರೆ ಬಲಗೈಗಿಂತ ಹುಷಾರಾಗಿ ಇರುತ್ತದೆ. ಕತ್ತಿ ಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ. ಹಿಂದೆ ಸರಿಯಿರಿ. ಹೋದರೆ ಕತ್ತಿ ಹೋಗಲಿ.

ಚರ್ಮಮೇಷ್ಟ್ರು:
ತೊಳೆಯುವಾಗ ನಲ್ಲಿಗೆ ತಾಗಿಸಬೇಡಿ ಎಂದೂ ಸೇರಿಸಿ. ಒಂದು ಟಣ್ ಸದ್ದು ಸಾಕು, ಬಾಯಿ ಚಿಪ್ಪೇಳುತ್ತದೆ.

ಹೊಸಗಡ್ಡ:
ವರದಿ. ಕೆನ್ನೆ ಸೊಗಸಾಗಿ ಆಯಿತು. ಕತ್ತೂ ಪರವಾಗಿಲ್ಲ. ಮೊದಮೊದಲು ನಯವಾಗಿದ್ದ ಕತ್ತಿ ಈಗ ಸ್ವಲ್ಪ ಎಳೆಯುತ್ತಿದೆ, ಗಲ್ಲದ ಮೇಲಂತೂ ಜಾಸ್ತಿ. ಉಗುರಿನ ಮೇಲೆ ಆಡಿಸಿ ನೋಡಬೇಕಾ?

ಸಾಣೆಪ್ಪ:
ಉಗುರಿಗೆ ತಾಗಿಸಬೇಡಿ! ಶೇವ್‌ಗೆ ಮುಗಿಸಿದ ಬಾಯಿ ಅಲ್ಲೇ ಹಾಳಾಗುತ್ತದೆ. ಮುಂಗೈ ರೋಮದ ಮೇಲೆ, ಚರ್ಮಕ್ಕೆ ತಾಗದೆ ಸ್ವಲ್ಪ ಎತ್ತರದಲ್ಲಿ ಆಡಿಸಿ. ರೋಮ ಸಲೀಸಾಗಿ ಉದುರಿದರೆ ಬಾಯಿ ಸರಿಯಿದೆ, ಗಲ್ಲದ ಕೂದಲು ದಪ್ಪ ಎಂದಷ್ಟೇ ಅರ್ಥ. ಬುಡ, ನಡು, ತುದಿ ಮೂರೂ ಕಡೆ ನೋಡಿ. ಒಂದು ಕಡೆ ಮಾತ್ರ ಉದುರದಿದ್ದರೆ ಸ್ಟ್ರಾಪ್ ಮೇಲೆ ಆ ಭಾಗ ಸರಿಯಾಗಿ ತಾಗುತ್ತಿಲ್ಲ. ಎಲ್ಲೂ ಉದುರದಿದ್ದರೆ ಬೆನ್ನು ಏಳುತ್ತಿರಬಹುದು, ಅಥವಾ ಸ್ಟ್ರಾಪ್ ಜೋತು ಬೀಳುತ್ತಿರಬಹುದು.

ಆಗ ಎರಡು ದಾರಿ. ಒಂದು, 0.5 ಮೈಕ್ರಾನ್ ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಹಚ್ಚಿದ ಚಪ್ಪಟೆ ಹಲಗೆಯ ಮೇಲೆ ಹತ್ತು ಹದಿನೈದು ಸಲ, ಅದೂ ಬೆನ್ನು ಮುಂದಾಗಿ. ಆಮೇಲೆ ಬರೀ ಚರ್ಮ. ಅದರಲ್ಲೂ ಬರದಿದ್ದರೆ ಸಾಣೆ ಹಿಡಿದವರಿಗೇ ವಾಪಸ್ ಕೊಡಿ. ಪೇಸ್ಟ್ ರುಚಿ ಹತ್ತಿ ದಿನಾ ಉಜ್ಜುವವರಿದ್ದಾರೆ. ಬೇಡ. ಅಂಚು ನಿಧಾನವಾಗಿ ದುಂಡಾಗುತ್ತದೆ.

ಯಾಕೆಯಾಕೆ:
ಕಲ್ಲಿನ ಮೇಲೆ ಏನು ಮಾಡುತ್ತಾರೆ? ಕೊಳ್ಳಲು ಅಲ್ಲ, ಸುಮ್ನೆ ತಿಳಿದುಕೊಳ್ಳಲು.

ಸಾಣೆಪ್ಪ:
ಎಲ್ಲರೂ ಹಾಗೇ ಶುರು ಮಾಡುವುದು! ಸ್ಟ್ರಾಪ್‌ಗೆ ಉಲ್ಟಾ, ಕಲ್ಲಿನ ಮೇಲೆ ಬಾಯಿ ಮುಂದೆ. ಬೆನ್ನು ಬಾಯಿ ಎರಡೂ ಕಲ್ಲಿಗೆ ತಾಗಿರುತ್ತವೆ, ಹಾಗಾಗಿ ಕೋನವನ್ನು ಕೈಯಲ್ಲ, ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಸುಮಾರು 16ರಿಂದ 18 ಡಿಗ್ರಿ. ಗ್ರಿಟ್ ಅಂದರೆ ಕಲ್ಲಿನ ನುಣುಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. 1000 ಗ್ರಿಟ್‌ನಲ್ಲಿ ಎರಡೂ ಮಗ್ಗುಲು ಅಂಚಿನಲ್ಲಿ ಸರಿಯಾಗಿ ಕೂಡಬೇಕು. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ 4000, 8000, ಕೊನೆಗೆ 12000 ಅಥವಾ ಬೆಲ್ಜಿಯಂನ ಕೋಟಿಕ್ಯೂಲ್‌ನಂತಹ ಸಹಜ ಕಲ್ಲು. ಕಲ್ಲು ಮಟ್ಟಸ ಇರಲೇಬೇಕು.

ಭಾನುವಾರಿ:
ಒಂದು ಶೇವ್ ಆದ ಮೇಲೆ ಕತ್ತಿಗೆ ಒಂದೆರಡು ದಿನ ವಿಶ್ರಾಂತಿ ಕೊಟ್ಟರೆ ಅಂಚು ತಾನೇ ನೇರವಾಗುತ್ತದೆ ಎನ್ನುತ್ತಾರಲ್ಲ, ನಿಜವಾ? ಹಿಂದೆ ವಾರದ ದಿನಗಳ ಹೆಸರು ಕೊರೆದ ಏಳು ಕತ್ತಿಗಳ ಪೆಟ್ಟಿಗೆ ಮಾರುತ್ತಿದ್ದರು. ಸುಮ್ಮನೆ ಮಾಡಿದ್ದಿರಲಿಕ್ಕಿಲ್ಲ.

ತುಕ್ಕುತಾಯಿ:
ಏಳು ಕತ್ತಿಯ ಪೆಟ್ಟಿಗೆ ಚಂದ, ನನಗೂ ಬೇಕು. ಆದರೆ ಉಕ್ಕು ಮಲಗಿ ಎದ್ದು ನೇರವಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಅಂಚು ನೇರ ಮಾಡುವುದು ಸ್ಟ್ರಾಪ್. ಒಂದೇ ಕತ್ತಿಯಲ್ಲಿ ದಿನಾ ಶೇವ್ ಮಾಡುವವರು ಬೇಕಾದಷ್ಟಿದ್ದಾರೆ. ವಿಶ್ರಾಂತಿಯಿಂದ ನಿಜವಾದ ಲಾಭ ಒಂದೇ, ಹಿಡಿಯ ಒಳಗಿನ ತೇವ ಆರುತ್ತದೆ.

ಶೇವ್ ಮುಗಿದ ಮೇಲೆ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಹಿಡಿಯ ಸಂದಿಗೆ ಟಿಶ್ಯೂ ತೂರಿಸಿ ತೆಗೆಯಿರಿ. ಕ್ಯಾನ್ವಾಸ್ ಮೇಲೆ ಹತ್ತು ಸಲ ಎಳೆದರೆ ಅಂಚೂ ಒಣಗುತ್ತದೆ. ಸ್ವಲ್ಪ ಹೊತ್ತು ತೆರೆದಿಟ್ಟು ಮಡಚಿ. ಬಚ್ಚಲಲ್ಲಿ ಇಡಬೇಡಿ. ತುಂಬಾ ದಿನ ಬಳಸದಿದ್ದರೆ ಒಂದು ಹನಿ ಮಿನರಲ್ ಆಯಿಲ್ ಸವರಿ. ಅಡುಗೆ ಎಣ್ಣೆ ಬೇಡ, ಅಂಟಂಟಾಗುತ್ತದೆ. ಸ್ಟೇನ್‌ಲೆಸ್ ಎಂದರೂ ಅಂಚಿಗೆ ತುಕ್ಕು ಬರುವುದೇ ಇಲ್ಲ ಎಂದಲ್ಲ.

ಎಡಚ:
ನಾನು ಎಡಗೈಯವನು. ಬೇರೆ ಕತ್ತಿ ಬೇಕಾಗುತ್ತದಾ?

ಚರ್ಮಮೇಷ್ಟ್ರು:
ಬೇಡ. ಕತ್ತಿಗೆ ಎಡಬಲ ಇಲ್ಲ, ಎರಡೂ ಮಗ್ಗುಲು ಒಂದೇ. ಸ್ಟ್ರಾಪನ್ನು ಬಲಗೈಯಲ್ಲಿ ಎಳೆದು ಹಿಡಿದು ಎಡಗೈಯಲ್ಲಿ ಉಜ್ಜಿ. ಓರೆ ಎಳೆತದ ದಿಕ್ಕು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ವಿಡಿಯೊ ನೋಡಿ ಕಲಿಯುವಾಗ ಅದೊಂದು ನೆನಪಿರಲಿ.

ಹೊಸಗಡ್ಡ:
ಸ್ಟ್ರಾಪ್ ಜೋತು ಬೀಳುತ್ತಿತ್ತು. ಬಿಗಿ ಹಿಡಿದೆ, ತುದಿಯಲ್ಲಿ ಬರದಿದ್ದ ಹರಿತ ಪೇಸ್ಟ್ ಹಲಗೆಯಲ್ಲಿ ಬಂತು. ಗಲ್ಲ ಈಗ ಮೊದಲಿಗಿಂತ ಎಷ್ಟೋ ವಾಸಿ. ಮುಂದಿನ ವಾರ ಪ್ರಯಾಣ ಇದೆ. ಕತ್ತಿ, ಸ್ಟ್ರಾಪ್ ಒಯ್ಯಬಹುದಾ?

ನೊರೆಗಾರ:
ವಿಮಾನವಾದರೆ ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕಿ. ನೇತುಹಾಕುವ ಸ್ಟ್ರಾಪ್‌ಗೆ ಹೋದ ಕಡೆ ಕೊಕ್ಕೆ ಸಿಗದಿರಬಹುದು, ಚಿಕ್ಕ ಹಲಗೆ ಸ್ಟ್ರಾಪ್ ವಾಸಿ. ನಾಲ್ಕೇ ದಿನವಾದರೆ ಸೇಫ್ಟಿ ರೇಜರ್ ಒಯ್ಯಿರಿ. ಶಾವೆಟ್ ಎಂದು ಹೇಳೋಣ ಅಂದುಕೊಂಡೆ, ಸಾಣೆಪ್ಪನವರು ಓದುತ್ತಿದ್ದಾರೆ.